ಕುಸೈಸಿನಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿದ ವಾರ

ಶನಿವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಧರ್ಮಪಾಲರು ತಮ್ಮ ಬಲಗೈಯ ಹೆಬ್ಬೆರಳನ್ನು ಒಂದು ಪೈಪಿನ ಬಾಯಿಗೆ ಒತ್ತಿ ಹಿಡಿದರು. ಹನ್ನೊಂದಾದರೂ ತೆಗೆದಿರಲಿಲ್ಲ.

ಕಿಟಕಿಯ ಕೆಳಗಿನ ಇಕ್ಕಟ್ಟಿನಲ್ಲಿ, ಕೂತದ್ದೂ ಅಲ್ಲದ ಮಲಗಿದ್ದೂ ಅಲ್ಲದ, ಯಾವ ಯೋಗ ಶಿಬಿರದಲ್ಲೂ ಹೇಳಿಕೊಡದ ಒಂದು ಆಸನದಲ್ಲಿ ಅವರಿದ್ದರು. ಬನಿಯನಿನ ಮೇಲೆ ಕಪ್ಪು ನೀರು ಹರಡಿ ಕೊಲ್ಲಿ ರಾಷ್ಟ್ರಗಳ ನಕ್ಷೆಯಾಗಿತ್ತು. ಬೆರಳು ತೆಗೆದರೆ ದುಬೈಯ ಕುಸೈಸಿನ ಈ ಆರು ಮಹಡಿಯ ಕಟ್ಟಡದ ನೀರೆಲ್ಲ ಐದನೇ ಮಹಡಿಯ ತಮ್ಮ ಮನೆಯ ಹಾಲಿಗೆ ನುಗ್ಗುತ್ತದೆ, ಅಲ್ಲಿಂದ ಲಿಫ್ಟಿನ ಗುಂಡಿಗೆ ಇಳಿಯುತ್ತದೆ, ಅಲ್ಲಿಂದ ತಮ್ಮ ಹೆಸರು ವಾಟ್ಸಪ್ಪಿಗೆ ಏರುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

"ಇನ್ನೆಷ್ಟು ಹೊತ್ತು ಹೀಗೆ?" ಎಂದು ಹೆಂಡತಿ ಚಂದ್ರಮತಿ ಕೇಳಿದರು. "ನೀರುದೋಸೆ ಆರಿ ರಬ್ಬರ್ ಆಯ್ತು."

"ಆಗ್ಲಿ ಮಾರಾಯ್ತಿ. ನೀನು ಬಾಲ್ದಿ ತಾ. ಇದ್ದದ್ದೆಲ್ಲ ತಾ."

ಚಂದ್ರಮತಿ ಎರಡು ಬಾಲ್ದಿ, ಬಟ್ಟೆ ನೆನೆಸುವ ಟಬ್ಬು, ಮೀನು ತೊಳೆಯುವ ಬೋಗುಣಿ ಎಲ್ಲವನ್ನೂ ತಂದು ಸಾಲಾಗಿ ಇಟ್ಟರು. ಬ್ರಷ್ ಕೊಳ್ಳಲು ಕೆಳಗೆ ಹೋದ ಪೇಂಟರ್ ಉಮ್ಮರಬ್ಬ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ಬಂದವರು ಆರನೇ ಮಹಡಿಯ ಲಿಯೊನೆಲ್ ಮತ್ತು ಡೊರೊತಿ. ಧರ್ಮಪಾಲರ ತಲೆಯ ಮೇಲೆಯೇ ಅವರ ಮನೆಯ ಹಾಲ್. ಡೊರೊತಿಯ ತಂಗಿಯ ಮಗಳು ಬ್ರೆಂಡಾಳ ಮದುವೆ ಬರುವ ಶುಕ್ರವಾರ. ಕಾಗದ ಕೊಡಲು ಗಂಡಹೆಂಡತಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದಿದ್ದರು.

"ಎಂತ ಧರ್ಮಣ್ಣ," ಎಂದು ಲಿಯೊನೆಲ್ ಬಗ್ಗಿ ನೋಡಿದರು, "ಪೈಪಿನ ನಾಡಿ ನೋಡ್ತಾ ಇದ್ದೀರಾ? ಬದುಕ್ತದಾ?"

"ಸುಮ್ಮನಿರಿ ಲಿಯೊ, ಅವರು ಕೆಲಸದಲ್ಲಿದ್ದಾರೆ," ಎಂದರು ಡೊರೊತಿ, ಬಹಳ ಗೌರವದಿಂದ. "ಧರ್ಮಪಾಲಣ್ಣ, ಕಾಗದ ಚಂದ್ರಕ್ಕನ ಕೈಯಲ್ಲಿ ಕೊಟ್ಟಿದ್ದೇನೆ. ಕೇಕ್ ನಾನೇ ಮಾಡುವುದು, ಮೂರು ಅಂತಸ್ತು. ಮನೆಯವರೆಲ್ಲ ಹೋಟೆಲಿಗೆ ಆರ್ಡರ್ ಕೊಡುವ ಅಂದ್ರು, ನಾನೇ ಹಟ ಹಿಡಿದದ್ದು. ಮಾತು ಕೊಟ್ಟಾಗಿದೆ. ನೀವು ಬರದಿದ್ರೆ ಆಗುದಿಲ್ಲ."

ಧರ್ಮಪಾಲರು ಕೈ ಮುಗಿಯಲು ಹೋಗಿ, ಒಂದು ಕೈ ಪೈಪಿನಲ್ಲಿರುವುದು ನೆನಪಾಗಿ, ಉಳಿದೊಂದು ಕೈಯನ್ನೇ ಗಾಳಿಯಲ್ಲಿ ಮುಗಿದರು.

ಆಗ ಉಮ್ಮರಬ್ಬ ಬಂದ. ಉಳ್ಳಾಲದವನು, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ವಾಸ, ಮೂವತ್ತು ವರ್ಷದಿಂದ ಈ ದೇಶದ ಗೋಡೆಗಳನ್ನು ಬಲ್ಲವನು. ಬಾಗಿಲಲ್ಲೇ ನಿಂತು ಬಾಲ್ದಿಗಳ ಸಾಲು, ಬೆರಳು, ಬನಿಯನು ಎಲ್ಲವನ್ನೂ ನೋಡಿದ.

"ಅಣ್ಣಾ, ವಾಲ್ವ್ ಎರಡೂ ಬಂದ್ ಮಾಡಿದ್ದೀರಲ್ಲಾ?"

"ಮಾಡಿದ್ದೇನೆ!"

"ಮತ್ತೆ ನೀರು ಎಲ್ಲಿಂದ ಬರ್ಬೇಕು? ಎ.ಸಿ. ಪೆಟ್ಟಿಗೆಯ ಹೊಟ್ಟೆಯಲ್ಲಿ ಉಳಿದದ್ದು ಮಾತ್ರ. ಬಿಡಿ ಬೆರಳು."

ಧರ್ಮಪಾಲರು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಊರಿನ ದೈವಗಳಿಗೆಲ್ಲ ಒಂದೊಂದು ಎಳನೀರು ಹೇಳಿಕೊಂಡು, ಬೆರಳು ತೆಗೆದರು. ನೀರು ಬಂತು. ಎರಡು ಚೆಂಬು ಬಂತು. ಆಮೇಲೆ ನಾಲ್ಕು ಹನಿ. ಆಮೇಲೆ ಒಂದು ತೇಗು. ಅಷ್ಟೇ. ಮುಕ್ಕಾಲು ಗಂಟೆ ಅವರು ತಡೆದು ನಿಲ್ಲಿಸಿದ ಪ್ರಳಯ ಮೀನಿನ ಬೋಗುಣಿಯ ತಳವನ್ನೂ ಸರಿಯಾಗಿ ಮುಚ್ಚಲಿಲ್ಲ. ಲಿಯೊನೆಲ್ ಚಪ್ಪಾಳೆ ತಟ್ಟಿದರು. ಆ ಬೆಳಿಗ್ಗೆ ಅಲ್ಲಿ ನೀರಿಳಿದದ್ದು ಪೈಪಿನದ್ದು ಹೆಚ್ಚೋ ತಮ್ಮದು ಹೆಚ್ಚೋ ಎಂದು ಅಳೆಯುವ ಉತ್ಸಾಹ ಧರ್ಮಪಾಲರಿಗೆ ಇರಲಿಲ್ಲ.

ಪಡುಬಿದ್ರಿ ಕಡೆಯ ಧರ್ಮಪಾಲರಿಗೆ ಈಗ ಐವತ್ತೆರಡು. ಅದರಲ್ಲಿ ಇಪ್ಪತ್ತಮೂರು ವರ್ಷ ಅಲ್ ಕೂಜ್‌ನ ಒಂದು ಎ.ಸಿ. ಕಂಪೆನಿಯಲ್ಲಿ ಕಳೆದಿವೆ. ಕಂಪೆನಿಯ ಅಂಗಿಯ ಜೇಬಿನ ಮೇಲೆ ಹಿಮದ ಹೂವಿನ ಚಿತ್ರವಿದೆ. ಆ ಅಂಗಿ ತೊಟ್ಟು ಕುಸೈಸಿನ ಅಂಗಡಿಗೆ ಬಸಳೆ ಕೊಳ್ಳಲು ಹೋದರೂ ಸಾಕು, ಯಾರಾದರೊಬ್ಬರು ತಡೆದು, "ನಮ್ಮನೆ ಎ.ಸಿ. ಗೊರ ಗೊರ ಅಂತದೆ ಧರ್ಮಪಾಲಣ್ಣ, ಎಂತ ಮಾಡುದು?" ಎನ್ನುತ್ತಾರೆ. ತುಳು ಕೂಟದಲ್ಲಿ ಅವರ ಹೆಸರು ಎ.ಸಿ. ಧರ್ಮಪಾಲಣ್ಣ. ಅವರು ಕಂಪೆನಿಯಲ್ಲಿ ಮಾಡುತ್ತಿದ್ದ ಕೆಲಸ ಮಾತ್ರ ಗೋದಾಮಿನದು. ಜಾಲರಿ ಕಿಟಕಿಯ ಹಿಂದೆ ಕೂತು, ಕಿಟಕಿಯ ಮುಂದೆ ನಿಂತ ಮೆಕ್ಯಾನಿಕ್ಕುಗಳಿಗೆ ವಾಲ್ವು, ವಾಷರು, ಸ್ಪ್ಯಾನರು ತೆಗೆದುಕೊಟ್ಟು ಸಹಿ ಹಾಕಿಸಿಕೊಳ್ಳುವುದು. ಸ್ಪ್ಯಾನರ್ ಕೊಟ್ಟ ಕೈಯೇ ಹೊರತು ಹಿಡಿದ ಕೈಯಲ್ಲ. ಇದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಯಾರೂ ಕೇಳಲಿಲ್ಲ, ಅಷ್ಟೇ. ಕೆಲಸ ಹವಾ ನಿಯಂತ್ರಣದ ಕಂಪೆನಿಯಲ್ಲಾದರೂ ತಮ್ಮ ಹವಾ ತಮ್ಮ ನಿಯಂತ್ರಣದಲ್ಲಿಲ್ಲ ಎಂದು ಅವರೇ ಒಮ್ಮೊಮ್ಮೆ ಕನ್ನಡಿಯೆದುರು ಹೇಳಿಕೊಳ್ಳುತ್ತಿದ್ದರು.

ಎಲ್ಲರಿಗೂ ಕೊಡಲು ಅವರ ಬಳಿ ಒಂದೇ ಮಂತ್ರವಿತ್ತು: "ಮೊದಲು ಫಿಲ್ಟರ್ ತೊಳೆದು ನೋಡಿ." ಹತ್ತರಲ್ಲಿ ಏಳು ಎ.ಸಿ. ಫಿಲ್ಟರ್ ತೊಳೆದರೆ ಸರಿಯಾಗುತ್ತವೆ. ಉಳಿದ ಮೂರರ ಮನೆಯವರು ತಾವೇ ಸರಿಯಾಗಿ ತೊಳೆದಿಲ್ಲವೇನೋ ಎಂಬ ನಾಚಿಕೆಯಿಂದ ಮತ್ತೆ ಫೋನ್ ಮಾಡುವುದಿಲ್ಲ. ಹೀಗೆ ಇಪ್ಪತ್ತಮೂರು ವರ್ಷ ಒಂದು ಕೀರ್ತಿ ಧೂಳಿನ ಮೇಲೆ ನಿಂತಿತ್ತು.

ಈಗ ಪೈಪಿಗೆ ಬೆರಳಿಡುವ ಕಾಲ ಯಾಕೆ ಬಂತೆಂದರೆ, ಚಂದ್ರಮತಿ ಗೋಡೆಗಳಿಗೆ ಹೊಸ ಬಣ್ಣ ಹೊಡೆಸುವುದೆಂದು ತೀರ್ಮಾನಿಸಿದ್ದರು. ಹೊಸ ಕಟ್ಟಡಗಳಲ್ಲಿ ಎ.ಸಿ. ಸೂರಿನೊಳಗೆ ಅಡಗಿರುತ್ತದೆ. ಈ ಹಳೆಯ ಕಟ್ಟಡದಲ್ಲಿ ಹಾಗಲ್ಲ. ಪ್ರತಿ ಕೋಣೆಯ ಕಿಟಕಿಯ ಕೆಳಗೆ ಸೊಂಟದೆತ್ತರದ ಒಂದು ತಗಡಿನ ಪೆಟ್ಟಿಗೆ. ತಾರಸಿಯ ಯಂತ್ರ ತಣಿಸಿದ ನೀರು ಒಂದು ಪೈಪಿನಲ್ಲಿ ಬಂದು, ಪೆಟ್ಟಿಗೆಯ ಹೊಟ್ಟೆಯಲ್ಲಿ ಸುತ್ತಿ, ಇನ್ನೊಂದು ಪೈಪಿನಲ್ಲಿ ಹಿಂದಕ್ಕೆ ಹೋಗುತ್ತದೆ. ಒಳಗಿನ ಫ್ಯಾನು ತಂಪನ್ನು ಕೋಣೆಗೆ ಊದುತ್ತದೆ. ಚಳಿ ದೇಶದ ಮನೆಗಳಲ್ಲಿ ಬಿಸಿನೀರಿನ ರೇಡಿಯೇಟರ್ ಇರುತ್ತದಲ್ಲ, ಅದರ ಮರುಭೂಮಿಯ ದಾಯಾದಿ ಇದು.

"ಪೆಟ್ಟಿಗೆ ಸುತ್ತ ಹೊಡೀತೇನೆ ಅಕ್ಕ, ಹಿಂದೆ ಯಾರು ನೋಡ್ತಾರೆ?" ಎಂದಿದ್ದ ಉಮ್ಮರಬ್ಬ.

"ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ ಪೆಟ್ಟಿಗೆಗೆ ಸುತ್ತು ಹಾಕುವ ಪೇಂಟ್ ನನಗೆ ಬೇಡ," ಎಂದಿದ್ದರು ಚಂದ್ರಮತಿ. "ಹಿಂದೆ ಹಳೇ ಹಸಿರು ಉಂಟಂತ ನನಗೆ ಗೊತ್ತಿರ್ತದಲ್ಲ? ಅಷ್ಟೇ ಸಾಕು."

ಪೆಟ್ಟಿಗೆ ಬಿಚ್ಚಬೇಕಾದರೆ ಕಟ್ಟಡದ ನಿರ್ವಹಣೆಯವರಿಗೆ ಹೇಳಬೇಕು. ಅವರು ಒಂಬತ್ತು ದಿನ ಬಿಟ್ಟು ಬರುತ್ತೇವೆಂದರು. ಆಗ ಧರ್ಮಪಾಲರ ಬಾಯಿಂದ ಆ ಮಾತು ಹೊರಬಿತ್ತು: "ಅವರು ಯಾಕೆ? ನಾನಿಲ್ಲವಾ?"

ಪೂರ್ತಿ ಹುಂಬತನ ಎನ್ನುವಂತೆಯೂ ಇಲ್ಲ. ಜಾಲರಿಯ ಹಿಂದೆ ಕೂತವನ ಕಿವಿಗೆ ಜಾಲರಿ ಇರುವುದಿಲ್ಲ. ಸಾಲಿನಲ್ಲಿ ನಿಂತ ಮೆಕ್ಯಾನಿಕ್ಕುಗಳ ಹರಟೆಯಿಂದ ಅವರು ಬಹಳ ಕಲಿತಿದ್ದರು. ಮೊದಲು ಕರೆಂಟ್ ತೆಗೆಯಬೇಕು. ಬರುವ ನೀರಿನ ವಾಲ್ವ್ ಬಾಗಿಲಿನ ಹಾಗೆ, ಮುಚ್ಚಿದರೆ ಮುಗಿಯಿತು. ಹೋಗುವ ನೀರಿನದು ಬೇರೆ ಜಾತಿ: ಪ್ರತಿ ಮನೆಯ ಪಾಲಿಗೆ ಎಷ್ಟು ನೀರು ಸಲ್ಲಬೇಕೋ ಅಷ್ಟಕ್ಕೇ ಅದನ್ನು ಅಳೆದು ತೆರೆದು ಇಟ್ಟಿರುತ್ತಾರೆ, ಬೈಲಿನ ಗದ್ದೆಗಳಿಗೆ ತೋಡಿನ ನೀರು ಹಂಚಿದ ಹಾಗೆ. ಅದನ್ನು ಮುಚ್ಚುವಾಗ ಎಷ್ಟು ತಿರುವು ಎಂದು ಎಣಿಸಬೇಕು, ಮತ್ತೆ ತೆರೆಯುವಾಗ ಅಷ್ಟೇ ತಿರುವು. ಹೆಚ್ಚು ತೆರೆದರೆ ನೆರೆಮನೆಯ ಪಾಲು ನಮ್ಮ ಮನೆಗೆ ಹರಿಯುತ್ತದೆ. ಇಷ್ಟೆಲ್ಲ ಅವರಿಗೆ ಬಾಯಿಪಾಠ. ಬಾಯಿಯಿಂದ ಕೈಗೆ ಇಳಿಯುವುದಷ್ಟೇ ಬಾಕಿ.

ಆದ್ದರಿಂದ ಆ ಶನಿವಾರ ಬೆಳಿಗ್ಗೆ, ಹೆಬ್ಬೆರಳಿನ ಪ್ರಸಂಗಕ್ಕೆ ಅರ್ಧ ಗಂಟೆ ಮೊದಲು, ಅವರು ಎಣಿಸುವ ಕೆಲಸಕ್ಕೆ ಹೆಂಡತಿಯನ್ನು ಕೂರಿಸಿದ್ದರು. ಹೋಗುವ ನೀರಿನ ವಾಲ್ವಿಗೆ ಕೀಲಿ ಹಾಕಿ ತಿರುಗಿಸಿದರೆ ಅರ್ಧ ಸುತ್ತಿಗೇ ಕೀಲಿ ಗೋಡೆಗೆ ತಾಗುತ್ತಿತ್ತು. ಕೀಲಿ ತೆಗೆದು, ಪುನಃ ಹಾಕಿ, ಇನ್ನರ್ಧ.

ಚಂದ್ರಮತಿಯ ತಂದೆ ಮೂಲ್ಕಿಯಲ್ಲಿ ತೆಂಗಿನಕಾಯಿ ವ್ಯಾಪಾರಿ. ಅವರ ಅಂಗಳದಲ್ಲಿ ಕಾಯಿ ಎಣಿಸುವುದು ಜೋಡಿಯಲ್ಲಿ. ಆಳು ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಒಟ್ಟಿಗೆ ಎಸೆಯುತ್ತಾನೆ, ಆ ಎಸೆತಕ್ಕೆ ಒಂದು ಲೆಕ್ಕ. ಐವತ್ತು ಎಣಿಸಿದರೆ ನೂರು ಕಾಯಿ. ಸಣ್ಣಂದಿನಲ್ಲಿ ಜಗಲಿಯಲ್ಲಿ ಕೂತು ಎಣಿಸುತ್ತಿದ್ದವರು ಇದೇ ಚಂದ್ರಮತಿ. ಇಂದಿಗೂ ಅವರು ಚಪಾತಿಯನ್ನೂ ಹಾಗೆಯೇ ಎಣಿಸುತ್ತಾರೆ. "ನಾಲ್ಕು ಇಟ್ಟಿದ್ದೇನೆ" ಎಂದರೆ ಡಬ್ಬಿಯಲ್ಲಿ ಎಂಟಿರುತ್ತದೆ.

"ಇದನ್ನು ಹೇಗೆ ಎಣಿಸ್ಲಿ?" ಎಂದು ಅವರು ಕೇಳಿದ್ದರು. "ಎರಡು ಸಲ ತಿರುಗಿಸಿದ್ರೆ ಒಂದಾ?"

"ಇದು ನಿನ್ನ ಅಪ್ಪನ ತೆಂಗಿನಕಾಯಿ ಅಲ್ಲ ಮಾರಾಯ್ತಿ. ಪ್ರತಿ ಸಲ ತಿರುಗಿಸಿದ್ದಕ್ಕೂ ಒಂದೊಂದು ಬರಿ."

ಚಂದ್ರಮತಿ ಹಾಗೆಯೇ ಎಣಿಸಿ, ಹಾಲ್, ಎರಡು ಕೋಣೆ ಸೇರಿ ಮೂರು ಪೆಟ್ಟಿಗೆಗಳ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟರು. ಹಾಲ್ ಆರು. ಕೋಣೆ ಐದು. ಇನ್ನೊಂದು ಕೋಣೆ ಐದು.

ಪೆಟ್ಟಿಗೆಗಳು ಕಳಚಿ ಬಂದವು. ಪೈಪಿನ ಬಾಯಿಗಳಿಗೆ ಮುಚ್ಚಳ ಬಿತ್ತು. ಉಮ್ಮರಬ್ಬ ಹಳೇ ಹಸಿರನ್ನು ಕೆರೆದು, ಎರಡು ಕೈ ಬಣ್ಣ ಹೊಡೆದ. ಭಾನುವಾರ ಸಂಜೆ ಪೆಟ್ಟಿಗೆಗಳನ್ನು ಎತ್ತಿ ಸ್ಥಾನಕ್ಕೆ ಕೂರಿಸಿಕೊಟ್ಟು ಹೊರಟ. ಚಂದ್ರಮತಿ ಮಗಳು ಹಿತಾಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದರು. ವಾಲ್ವ್ ತೆರೆಯುವ ಮುಖ್ಯ ಕಾರ್ಯಕ್ಕೆ ಮನೆಯಲ್ಲಿ ಉಳಿದವರು ಧರ್ಮಪಾಲರೊಬ್ಬರೇ.

ಹೊಸ ವಾಷರ್ ಹಾಕಿದರು. ಒಳಗಿನ ಗಾಳಿ ಬಿಡಿಸುವ ಸಣ್ಣ ತಿರುಪನ್ನು ಸಡಿಲಿಸಿ, ಬುಸ್ಸೆನ್ನುವುದು ನಿಂತು ನೀರು ಹನಿಯುವ ತನಕ ಕಾದರು. ಎಲ್ಲ ಕ್ರಮಪ್ರಕಾರ. ಆಮೇಲೆ ಕ್ಯಾಲೆಂಡರ್ ತಿರುಗಿಸಿ ನೋಡಿದರು. ಹಾಲ್ ಆರು.

ಅವರ ಮುಖದಲ್ಲಿ ಒಂದು ನಗು ಮೂಡಿತು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸಿನ ನಗು. ಹೆಂಡತಿಯ ಲೆಕ್ಕ ತನಗೆ ಗೊತ್ತಿಲ್ಲವೇ? ಅವಳ ಒಂದು ಎಂದರೆ ಎರಡು. ಆರು ಎಂದರೆ ಹನ್ನೆರಡು. ನಿನ್ನೆ ತಾವೇ ಕೊಟ್ಟ ಅಪ್ಪಣೆ ಹೆಬ್ಬೆರಳಿನ ಗಲಾಟೆಯಲ್ಲಿ ತಲೆಯಿಂದ ಕೊಚ್ಚಿಹೋಗಿತ್ತು. ಹಾಲಿನದಕ್ಕೆ ಹನ್ನೆರಡು ತಿರುವು, ಕೋಣೆಗಳದಕ್ಕೆ ಹತ್ತು ಹತ್ತು, ಎಂದು ಶ್ರದ್ಧೆಯಿಂದ ತೆರೆದರು. ಹೆಂಡತಿ ಜೀವನದಲ್ಲಿ ಒಮ್ಮೆ ಗಂಡ ಹೇಳಿದ ಹಾಗೆ ಮಾಡಿದ್ದಳು, ಗಂಡ ಒಮ್ಮೆ ಹೆಂಡತಿಯನ್ನು ಅರ್ಥಮಾಡಿಕೊಂಡಿದ್ದ. ಎರಡೂ ಒಂದೇ ವಾರಾಂತ್ಯದಲ್ಲಿ ಆದದ್ದೇ ಅನಾಹುತ.

ಸೋಮವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಲು ಬಾಟಲಿ ಬಗ್ಗಿಸಿದ ಚಂದ್ರಮತಿ ಕೂಗಿದರು: "ಇಲ್ಲಿ ನೋಡಿ, ಎಣ್ಣೆ ಬರುದಿಲ್ಲ!"

ತೆಂಗಿನೆಣ್ಣೆ ಗಟ್ಟಿಯಾಗಿತ್ತು. ಸೆಪ್ಟೆಂಬರಿನ ದುಬೈ, ಹೊರಗೆ ನಲವತ್ತು ಡಿಗ್ರಿ. ಒಳಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಹಿಮಾಲಯ. ಚಹಾ ಸೋಸಿ ತರುವುದರೊಳಗೆ ತಣ್ಣಗಾಗುತ್ತಿತ್ತು. ಹಿತಾ ತಲೆ ತುಂಬ ಟೊಪ್ಪಿ ಎಳೆದುಕೊಂಡು, ಬಾಯಿಂದ ಹೊಗೆ ಬರುತ್ತದೋ ಎಂದು ಊದಿ ನೋಡಿದಳು.

"ಪಪ್ಪಾ, ದಿಸ್ ಈಸ್ ನಾಟ್ ಅ ಹೌಸ್. ದಿಸ್ ಈಸ್ ಅ ಫ್ರಿಜ್."

"ಮೂರು ವರ್ಷದಿಂದ ನಿರ್ವಹಣೆಯವರ ಕೈಯಲ್ಲಿ ಆಗದ್ದು!" ಎಂದರು ಧರ್ಮಪಾಲರು. "ಬಿಚ್ಚಿ, ಕ್ಲೀನ್ ಮಾಡಿ, ಕ್ರಮದಲ್ಲಿ ಕೂರಿಸಿದ್ರೆ ಹೀಗೆ." ಎಣ್ಣೆ ಬಾಟಲಿಯ ಫೋಟೋ ತೆಗೆದು ತುಳು ಕೂಟದ ಗುಂಪಿಗೆ ಹಾಕಿದರು. ಮೂವತ್ತೆಂಟು ಹೆಬ್ಬೆರಳು ಬಂದವು. ಎರಡು ದಿನದ ಹಿಂದೆ ತಮ್ಮ ಒಂದು ಹೆಬ್ಬೆರಳಿಗೆ ಆದ ಅವಮಾನಕ್ಕೆ ಇಷ್ಟು ಪರಿಹಾರ ಸಾಕೆನಿಸಿತು.

ಮಂಗಳವಾರ ಸಂಜೆ ಡೊರೊತಿ ಇಳಿದು ಬಂದರು. ಅವರನ್ನು ಕೆದರಿದ ಕೂದಲಿನಲ್ಲಿ, ಏಪ್ರನ್ನಿನಲ್ಲೇ ನೋಡಿದ್ದು ಅದೇ ಮೊದಲ ಸಲ.

"ಧರ್ಮಪಾಲಣ್ಣ, ನಮ್ಮನೆ ಎ.ಸಿ.ಗೆ ಎಂತ ಆಗಿದೆ ಅಂತ ಗೊತ್ತಿಲ್ಲ. ನಿನ್ನೆಯಿಂದ ಬರೀ ಗಾಳಿ, ತಂಪೇ ಇಲ್ಲ. ಕೆಳಗಿನ ಅಂತಸ್ತಿನ ಮೇಲೆ ಬೆಣ್ಣೆ ಕ್ರೀಮಿನ ಗುಲಾಬಿ ಇಡ್ಲಿಕ್ಕೆ ಶುರು ಮಾಡಿದ್ದೇನೆ. ಮನೆ ಬಿಸಿಯಾದ್ರೆ ನಿಲ್ಲುದಿಲ್ಲ ಅಣ್ಣ. ಫ್ರಿಜ್ಜಿಗೆ ಹಿಡಿಯುದಿಲ್ಲ, ಅಷ್ಟು ದೊಡ್ಡದು. ಸ್ವಲ್ಪ ಬಂದು ನೋಡ್ತೀರಾ?"

ಧರ್ಮಪಾಲರು ಹಿಮದ ಹೂವಿನ ಅಂಗಿ ತೊಟ್ಟು ಮೇಲೆ ಹೋದರು. ಬಾಗಿಲು ತೆರೆದದ್ದೇ ಬಿಸಿ ಮುಖಕ್ಕೆ ಹೊಡೆಯಿತು. ಲಿಯೊನೆಲ್ ಒದ್ದೆ ಬೈರಾಸನ್ನು ಹೆಗಲಿಗೆ ಹಾಕಿ ಕೂತಿದ್ದರು. ಮೇಜಿನ ಮೇಲೆ ಬಿಳಿಯ ಕೇಕಿನ ದೊಡ್ಡ ಚಕ್ರ, ಅದರ ಅಂಚಿಗೆ ಸಾಲಾಗಿ ಗುಲಾಬಿ. ಒಂದೊಂದು ಎಸಳೂ ಬೇರೆ ಬೇರೆ.

"ಮೊದಲು ಫಿಲ್ಟರ್ ತೊಳೆದು ನೋಡಿ," ಎಂದರು ಧರ್ಮಪಾಲರು.

"ತೊಳೆದಾಯ್ತು, ಎರಡು ಸಲ," ಎಂದರು ಲಿಯೊನೆಲ್.

ಮಂತ್ರ ಮುಗಿಯಿತು. ಇಪ್ಪತ್ತಮೂರು ವರ್ಷದಲ್ಲಿ ಎರಡನೆಯ ಮಂತ್ರದ ಅಗತ್ಯ ಬಿದ್ದಿರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಬಗ್ಗಿ, ಡಾಕ್ಟರು ಹಣೆ ಮುಟ್ಟಿ ನೋಡುವ ಹಾಗೆ ನೀರಿನ ಪೈಪಿನ ಮೇಲೆ ಕೈಯಿಟ್ಟರು. ತಮ್ಮ ಮನೆಯ ಪೈಪು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಇದು ಉಗುರುಬೆಚ್ಚಗೆ. ನೀರು ಬರುತ್ತಲೇ ಇಲ್ಲ. ಅವರ ಬೆನ್ನಿನಲ್ಲಿ ಒಂದು ಚಳಿ ಇಳಿಯಿತು. ಆ ಮನೆಯಲ್ಲಿ ಆ ಹೊತ್ತಿಗೆ ಇದ್ದ ಚಳಿ ಅದೊಂದೇ.

ಮೆಟ್ಟಿಲಿಳಿದು ಬಂದು ಚಂದ್ರಮತಿಯನ್ನು ಅಡುಗೆಮನೆಯಲ್ಲಿ ಹಿಡಿದರು.

"ಚಂದ್ರಾ, ಮೊನ್ನೆ ಆರು ಅಂತ ಬರೆದಿದ್ದಿಯಲ್ಲ, ಅದು ತೆಂಗಿನಕಾಯಿ ಲೆಕ್ಕ ತಾನೇ?"

"ನೀವೇ ಹೇಳಿದ್ರಲ್ಲ ತೆಂಗಿನಕಾಯಿ ಅಲ್ಲ ಅಂತ? ನೀವು ಹೇಳಿದ ಹಾಗೇ ಎಣಿಸಿದ್ದು." ಚಂದ್ರಮತಿ ಸೌಟು ಕೆಳಗಿಟ್ಟರು. "ಎಷ್ಟು ತೆರೆದ್ರಿ?"

ಧರ್ಮಪಾಲರು ಹೇಳಿದರು.

ಊರಿನಲ್ಲಿ ಮೇಲಿನ ಗದ್ದೆಯವನು ಕೆಳಗಿನ ಗದ್ದೆಯವನ ನೀರು ತಿರುಗಿಸಿಕೊಳ್ಳುವುದುಂಟು. ಅದಕ್ಕೆ ತಲೆ ಒಡೆದುಕೊಂಡವರೂ ಉಂಟು. ಕೆಳಗಿನವನು ಮೇಲಿನವನ ನೀರು ಕದ್ದದ್ದು ತುಳುನಾಡಿನವರಲ್ಲಿ ಬಹುಶಃ ಇದೇ ಮೊದಲು.

"ಈಗಲೇ ತಿರುಗಿಸಿ," ಎಂದರು ಚಂದ್ರಮತಿ. "ಮೇಲೆ ಹೋಗಿ ಹೇಳಿ ಬನ್ನಿ. ಪಾಪ, ಆ ಡೊರೊತಿ ಬಾಯಿಯ ಕೇಕ್."

"ನಾಳೆ," ಎಂದರು ಧರ್ಮಪಾಲರು.

"ನಾಳೆ ಯಾಕೆ?"

ಯಾಕೆ ಎನ್ನುವುದಕ್ಕೆ ಅವರಲ್ಲಿ ಕಾರಣಗಳ ಒಂದು ಗೋದಾಮೇ ಇತ್ತು. ಹೊಸ ಬಣ್ಣ ಇನ್ನೂ ಹಸಿ, ಪೆಟ್ಟಿಗೆ ಅಲುಗಿದರೆ ಗೀಚುತ್ತದೆ. ತಾವು ಮೇಲೆ ಹೋಗಿ ಬಂದ ಹತ್ತು ನಿಮಿಷಕ್ಕೆ ಎ.ಸಿ. ಸರಿಯಾದರೆ ಲಿಯೊನೆಲ್ ಪತ್ತೇದಾರಿ ಶುರುಮಾಡುತ್ತಾರೆ. ಬಣ್ಣ ಹೊಡೆಸಲು ಹೋಗಿ ತಮ್ಮ ಬಣ್ಣವೇ ಬಯಲಾದರೆ ಎ.ಸಿ. ಧರ್ಮಪಾಲಣ್ಣನ ಗತಿ ಏನು? ಸಣ್ಣಂದಿನಲ್ಲಿ ನಾಲ್ಕನೇ ಕ್ಲಾಸಿನ ತನಕ ಅವರು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವರು. ಸುಳ್ಳು ಹೇಳುವುದು ಪಾಪ ಎಂಬ ಪಾಠ ಚೆನ್ನಾಗಿ ನೆನಪಿತ್ತು. ಹೇಳಬೇಕಾದದ್ದನ್ನು ಹೇಳದಿರುವುದೂ ಪಾಪವೇ ಎಂಬ ಪಾಠ ಆದ ದಿನ ಅವರು ಜ್ವರ ಬಂದು ರಜೆ ಮಾಡಿದ್ದಿರಬೇಕು.

ಬುಧವಾರ ಅವರು ಕೆಲಸದಿಂದ ಬರುವಾಗ ಮೆಟ್ಟಿಲ ಮೇಲೆ ಮೆರವಣಿಗೆ ನಡೆದಿತ್ತು. ಮುಂದೆ ಚಂದ್ರಮತಿ, ಎರಡು ಕೈಯಲ್ಲಿ ಸಣ್ಣ ಅಂತಸ್ತಿನ ಕೇಕು. ಹಿಂದೆ ಲಿಯೊನೆಲ್, ನಡು ಅಂತಸ್ತು. ಅದರ ಹಿಂದೆ, ಎಲ್ಲಕ್ಕಿಂತ ದೊಡ್ಡದನ್ನು ಎದೆಗಪ್ಪಿ ಹಿಡಿದ ಡೊರೊತಿ. ಅವರ ಕಣ್ಣು ಕೆಂಪಾಗಿತ್ತು.

"ಗುಲಾಬಿ ಎಲ್ಲ ಜಾರಿತು ಅಣ್ಣ," ಎಂದರು. "ನಲವತ್ತು ಗುಲಾಬಿ. ಬೆಳಿಗ್ಗೆ ಏಳುವಾಗ ಮೇಜಿನ ಮೇಲೆ ಮಲಗಿತ್ತು."

"ನಿರ್ವಹಣೆಯವರು ಸೋಮವಾರ ಬರ್ತಾರಂತೆ," ಎಂದರು ಲಿಯೊನೆಲ್. "ಮದುವೆ ಆಗಿ, ಬ್ರೆಂಡಾ ಹನಿಮೂನ್ ಮುಗಿಸಿ ಬಂದ ಮೇಲೆ."

"ನಾನೇ ಹೇಳಿದೆ," ಎಂದು ಚಂದ್ರಮತಿ ಗಂಡನ ಕಣ್ಣನ್ನೇ ನೋಡುತ್ತ ಹೇಳಿದರು. "ನಮ್ಮ ಮನೆಯಲ್ಲಿ ತಂಪು ಎರಡು ಮನೆಗೆ ಸಾಕಾಗುವಷ್ಟು ಉಂಟು, ಇಲ್ಲೇ ಮಾಡಿ ಅಂತ."

ಬುಧವಾರ ಸಂಜೆಯಿಡೀ ಡೊರೊತಿ ಧರ್ಮಪಾಲರ ಮನೆಯ ಹಾಲಿನಲ್ಲಿ ನಿಂತು ಪುನಃ ಗುಲಾಬಿ ಹಾಕಿದರು. ಹೊಸ ಬಣ್ಣದ ಗೋಡೆ, ತಂಪು ಗಾಳಿ. ಕ್ರೀಮು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಒಂದೊಂದು ಗುಲಾಬಿ ನಿಂತಾಗಲೂ ಅವರು ಧರ್ಮಪಾಲರ ಕಡೆ ತಿರುಗಿ, "ದೇವರೇ ನಿಮ್ಮನ್ನು ಈ ಮನೆಯಲ್ಲಿ ಇಟ್ಟದ್ದು," ಎನ್ನುತ್ತಿದ್ದರು. ಧರ್ಮಪಾಲರು ಸೋಫಾದ ಮೂಲೆಯಲ್ಲಿ, ಅಂತಸ್ತು ಅಂತಸ್ತಾಗಿ ಕುಗ್ಗುತ್ತ ಕೂತಿದ್ದರು. ಕಳ್ಳಮಾಲು ಇಟ್ಟುಕೊಂಡ ಮನೆಗೆ ಮಾಲಿನ ಒಡೆಯನೇ ಬಂದು ಜೋಪಾನಕ್ಕೆ ಧನ್ಯವಾದ ಹೇಳಿದ ಹಾಗಿತ್ತು.

"ಮದುವೆಗೆ ನಿಮ್ಮ ಧರ್ಮದ ಕೇಕ್," ಎಂದು ಲಿಯೊನೆಲ್ ಬೆನ್ನು ತಟ್ಟಿದರು. ಅದೂ ನೋವಾಯಿತು.

ಗುರುವಾರ ಬೆಳಿಗ್ಗೆ, ಧರ್ಮಪಾಲರು ಕೆಲಸಕ್ಕೆ ಹೊರಡುವ ಮೊದಲು, ಲಿಯೊನೆಲ್ ಒಂದು ಕಾಗದ ಹಿಡಿದು ಬಂದರು. ಡೊರೊತಿ ಆಗಲೇ ಕೊನೆಯ ಅಂತಸ್ತಿನ ಮೇಲೆ ಎಲೆ ಬಿಡಿಸುತ್ತಿದ್ದರು.

"ಧರ್ಮಣ್ಣ, ಕೇಕ್ ಕತ್ತರಿಸುವ ಮೊದಲು ಮೈಕಿನಲ್ಲಿ ನಿಮ್ಮ ಹೆಸರು ಹೇಳ್ತಾರೆ. ನಾನು ಬರೆದುಕೊಟ್ಟಿದ್ದೇನೆ. ನೀವು ಎದ್ದು ನಿಲ್ಬೇಕು. ಎರಡು ಮಾತು ಆಡಿದ್ರೂ ಅಡ್ಡಿಯಿಲ್ಲ. ಕಂಪೆನಿ ಅಂಗಿ ಹಾಕಿ ಬನ್ನಿ, ಚಂದ ಕಾಣ್ತದೆ."

ಮುನ್ನೂರು ಜನ, ಮೈಕು, ಹಿಮದ ಹೂವು. ಧರ್ಮಪಾಲರು ಚೀಲ ಕೆಳಗಿಟ್ಟರು. ಕಿಟಕಿಯ ಕೆಳಗೆ ಹೋಗಿ ಮಂಡಿಯೂರಿ, ಪೆಟ್ಟಿಗೆಯ ಮುಚ್ಚಳ ತೆಗೆದರು.

"ಡೊರೊತಿ ಬಾಯಿ, ಇಲ್ಲಿ ಬನ್ನಿ. ನಿಮ್ಮ ಮನೆಯ ತಂಪು ಕಾಣೆಯಾಗಿದೆಯಲ್ಲ, ಅದು ಇಲ್ಲಿ ಉಂಟು."

ಆಮೇಲೆ ಎಲ್ಲವನ್ನೂ ಹೇಳಿದರು. ಗದ್ದೆಯ ನೀರಿನ ಹಾಗೆ ಪಾಲು, ಆರರ ಲೆಕ್ಕ, ಹನ್ನೆರಡರ ತಿರುವು, ಮಂಗಳವಾರ ಸಂಜೆಯೇ ತಮಗೆ ಗೊತ್ತಾದದ್ದು. ಗೋದಾಮಿನ ವಿಷಯವನ್ನೂ ಹೇಳಿದರು, ಯಾರೂ ಕೇಳದಿದ್ದರೂ. ಹೇಳುತ್ತಲೇ ಕೀಲಿ ಹಾಕಿ, ಚಂದ್ರಮತಿ ಗಟ್ಟಿಯಾಗಿ ಎಣಿಸುತ್ತಿರಲು, ಹಾಲಿನದನ್ನು ಆರು ಸಲ, ಕೋಣೆಗಳದನ್ನು ಐದೈದು ಸಲ ಹಿಂದಕ್ಕೆ ತಿರುಗಿಸಿದರು.

ಲಿಯೊನೆಲ್ ಮೊದಲು ಬಾಯಿ ತೆರೆದರು, ಆಮೇಲೆ ನಕ್ಕರು, ಆಮೇಲೆ ಸೋಫಾದಲ್ಲಿ ಕೂತು ಬೈರಾಸಿನಿಂದ ಕಣ್ಣೊರೆಸಿಕೊಂಡರು. "ಮೂರು ದಿನ ನಾನು ಬೆಂದದ್ದು ಇವರ ಎಣ್ಣೆ ಗಟ್ಟಿಯಾಗ್ಲಿಕ್ಕಾ!"

ಡೊರೊತಿ ನಗಲಿಲ್ಲ. ಬೈಯಲೂ ಇಲ್ಲ. ಕ್ರೀಮಿನ ಚೀಲ ಕಟ್ಟಿದರು, ಕ್ರೀಮು ಹಿಂಡುವ ಮೊಳೆಯಂಥ ಮೂತಿಗಳನ್ನೆಲ್ಲ ಡಬ್ಬಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಮೇಲೆ ತಂಪಾಯಿತೆಂದು ಗೊತ್ತಾದದ್ದೇ ಮೂರು ಅಂತಸ್ತುಗಳನ್ನೂ ಎತ್ತಿಕೊಂಡು ಹೋದರು. ಚಂದ್ರಮತಿಗೆ, "ಬರ್ತೇನೆ ಚಂದ್ರಕ್ಕ," ಎಂದರು. ಧರ್ಮಪಾಲರ ಎದುರೇ ಲಿಯೊನೆಲ್‌ನ ಕೈಯಿಂದ ಮೈಕಿನ ಕಾಗದವನ್ನು ತೆಗೆದುಕೊಂಡು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿದರು.

ಶುಕ್ರವಾರ ಸಂಜೆ ದೇರಾದ ಹೋಟೆಲಿನ ಹಾಲಿನಲ್ಲಿ ಕೇಕು ನಿಂತಿತ್ತು. ಬರೀ ನಿಂತದ್ದಲ್ಲ, ಮದುಮಗಳಿಗಿಂತ ನೆಟ್ಟಗೆ ನಿಂತಿತ್ತು. ಜನ ಸಾಲಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡರು. ಧರ್ಮಪಾಲರು ಸಾದಾ ಅಂಗಿಯಲ್ಲಿ, ಬಾಗಿಲ ಬಳಿಯ ಕೊನೆಯ ಮೇಜಿನಲ್ಲಿ, ಕಂಬದ ಮರೆಯಲ್ಲಿ ಕೂತು, ಮೈಕಿನಲ್ಲಿ ಯಾರದೇ ಹೆಸರು ಬಂದರೂ ಬೆಚ್ಚಿಬೀಳುತ್ತಿದ್ದರು. ಅವರ ಹೆಸರು ಬರಲಿಲ್ಲ. ಟೋಸ್ಟ್ ಆಯಿತು, ಕೇಕು ಕತ್ತರಿಸಿ ಆಯಿತು, ಚಪ್ಪಾಳೆಯ ನಡುವೆ ಬ್ರೆಂಡಾ ಮೊದಲ ತುಂಡನ್ನು ಡೊರೊತಿಯ ಬಾಯಿಗಿಟ್ಟಳು. ಅದನ್ನು ನೋಡಿ ಧರ್ಮಪಾಲರಿಗೆ ನಾಲ್ಕು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

ಕುಣಿತ ಶುರುವಾದ ಮೇಲೆ ಡೊರೊತಿ ಕಂಬದ ಹಿಂದೆ ಬಂದರು. ಕೈಯಲ್ಲಿ ಪ್ಲೇಟು, ಅದರಲ್ಲಿ ಗುಲಾಬಿ ಸಮೇತ ಒಂದು ತುಂಡು. ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತರು. ಅದೇ ಮೇಜಿನಲ್ಲಿದ್ದ ಲಿಯೊನೆಲ್, ಚಂದ್ರಮತಿ ಇಬ್ಬರೂ ಕುರ್ಚಿ ಹತ್ತಿರ ಎಳೆದುಕೊಂಡರು.

"ತಿನ್ನಿ," ಎಂದರು. ಧರ್ಮಪಾಲರು ಚಮಚ ಎತ್ತಿಕೊಂಡರು.

"ತಿರುಗಿಸಿದ್ದು ತಪ್ಪಿ ಆದದ್ದು. ಅದು ಯಾರಿಗೂ ಆಗ್ತದೆ, ಅದನ್ನು ನಾನು ಬಿಟ್ಟಿದ್ದೇನೆ. ಆದ್ರೆ ಮಂಗಳವಾರ ಸಂಜೆ ನಿಮಗೆ ಗೊತ್ತಾಗಿತ್ತು. ನನ್ನ ಗುಲಾಬಿ ಬಿದ್ದದ್ದು ಬುಧವಾರ ಬೆಳಿಗ್ಗೆ. ಆ ಒಂದು ರಾತ್ರಿ ಯಾಕೆ ಸುಮ್ಮನಿದ್ರಿ ಅಣ್ಣ? ಮಾನ ಹೋಗ್ತದೆ ಅಂತ ಹೆದರಿಕೆ, ಅಲ್ವಾ? ಹಾಗೆ ಹೇಳಿದ್ರೆ ನನಗೆ ಅರ್ಥ ಆಗ್ತದೆ."

ಒಳ್ಳೆಯ ಕಾರಣ. ಘನವಾದ ಕಾರಣ. ಡೊರೊತಿ ಅದನ್ನು ಕೇಕಿನ ಜೊತೆಗೇ ಪ್ಲೇಟಿನಲ್ಲಿಟ್ಟು ಮುಂದೆ ತಳ್ಳಿದ್ದರು. ಹೌದು ಎಂದರೆ ಮುಗಿಯಿತು. ಧರ್ಮಪಾಲರು ಹೌದು ಎನ್ನಲು ಬಾಯಿ ತೆರೆದರು. ಚಂದ್ರಮತಿಯ ಮುಖ ನೋಡಿದರು. ಮುಚ್ಚಿದರು. ಪುನಃ ತೆರೆದರು.

"ಅದಲ್ಲ ಡೊರೊತಿ ಬಾಯಿ," ಎಂದರು. "ಕಂಬಳಿ ಹೊದ್ದು ಮಲಗಿದ್ರೆ ಎಷ್ಟು ಒಳ್ಳೆ ನಿದ್ದೆ ಬರ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ."